ಎರ್ಮೆಲಿಂಡಾ ಟೀಚರಿಗೆ ಮೊದಲ ಪಾಠ

ಗುಂಡು ಹಾರಿಸುವ ಗುಂಡಿ ಎಲ್ಲಿದೆಯೆಂದು
ಇವತ್ತು ಹೇಳುವುದಿಲ್ಲ, ಟೀಚರ್.
ಮೊದಲು ಕುರ್ಚಿ ಮುಂದೆ ಎಳೆದುಕೊಳ್ಳಿ.
ಜಾಯ್‌ಸ್ಟಿಕ್ಕನ್ನು ಹಾಗೆ ಕೋಳಿಯ ಕೊರಳು ಹಿಸುಕಿದಂತೆ ಹಿಡಿಯಬೇಡಿ,
ಎರಡು ಬೆರಳು, ಒಂದು ಹೆಬ್ಬೆರಳು,
ನೀವು ನನಗೆ ಪೆನ್ಸಿಲ್ ಹಿಡಿಸಿದ ಹಾಗೆ.

ನಮ್ಮ ಓಣಿಯ ಹುಡುಗರೆಲ್ಲ ಮೊದಲ ದಿನವೇ
ಎಲ್ಲಕ್ಕಿಂತ ಜೋರಿನ ಜೆಟ್ ಏರಿ
ರನ್‌ವೇ ಮುಗಿಯುವ ಮೊದಲೇ ಪಲ್ಟಿ ಹೊಡೆದು
ಆಟವೇ ಸರಿಯಿಲ್ಲ ಅಂದವರು.
ನಿಮಗೆ ಈ ಹಳದಿ ವಿಮಾನ:
ರೆಕ್ಕೆ ಮೇಲೊಂದು ಜೋಡಿ, ಕೆಳಗೊಂದು ಜೋಡಿ,
ಎಮ್ಮೆಯಂಥ ಸಮಾಧಾನ.
ಮೂಗಿನ ಮೇಲೆ ಎರಡು ಬಂದೂಕು ಇವೆ,
ಸದ್ಯಕ್ಕೆ ಮೂಗುತಿಯೆಂದು ತಿಳಿಯಿರಿ.
ಒಂದು ತಿಂಗಳು ಇದೊಂದೇ, ನಾವಿಬ್ಬರೇ.
ಆನ್‌ಲೈನ್ ಆಮೇಲೆ. ಅಲ್ಲಿ ಕಾದಿರುವವರಿಗೆ
ನಿಮ್ಮ ವಯಸ್ಸು ಕಾಣುವುದಿಲ್ಲ,
ಬರೀ ಬಾಲ ಕಾಣುತ್ತದೆ.

ಎತ್ತರವೆಂದರೆ ಅಪ್ಪನ ಅದಿರಿನ ಟಿಪ್ಪರ್ ಘಾಟಿ ಹತ್ತಿದ ಹಾಗೆ:
ಹತ್ತುವಾಗ ಡೀಸೆಲ್ಲಿನ ಲೆಕ್ಕ,
ಇಳಿಯುವಾಗ ಪುಕ್ಕಟೆ ಓಟ.
ಸುಮ್ಮಸುಮ್ಮನೆ ತಿರುಗಿದರೆ
ಪ್ರತಿ ತಿರುವಿಗೂ ದಂಡ.

ಈಗ ಟ್ರಿಮ್. ಇಗೋ, ಈ ಪುಟ್ಟ ಗಾಲಿ.
ಮೂಗು ಕೆಳಗೆ ಜಗ್ಗಿದರೆ ತೋಳಿನಿಂದ ಎತ್ತಿ ಹಿಡಿಯಬೇಡಿ,
ತೋಳು ಸೋಲುತ್ತದೆ.
ಕೂದಲೆಳೆಯಷ್ಟು ತಿರುಗಿಸಿ. ಬಿಡಿ. ನೋಡಿ.
ಮತ್ತೆ ಕೂದಲೆಳೆಯಷ್ಟು.
ಕೈ ಬಿಟ್ಟರೂ ನೆಟ್ಟಗೆ ಹೋದರೆ ಸರಿ ಕೂತಿತು ಅಂತ.
ಮಗ್ಗಿಯ ಹಾಗಾ, ಅಂದಿರಿ.
ಹೂಂ ಅಂದೆ. ಹದಿನೇಳರ ಮಗ್ಗಿ
ಕೈ ಬಿಟ್ಟರೆ ಇವತ್ತಿಗೂ ಬೀಳುತ್ತದೆ ನನಗೆ.

ನೀವು ಗೆರೆ ಹಾಕಿದ ಪುಸ್ತಕ ತೆಗೆದು
ಪ್ರತಿ ಸಾವನ್ನೂ ಕೆಂಪು ಶಾಯಿಯಲ್ಲಿ ಬರೆದಿರಿ:

ಮಂಗಳವಾರ. ಸಮುದ್ರ.
ಕಾರಣ: ಹೊರಗೆ ನೋಡದೆ ಮುಳ್ಳುಗಳನ್ನು ನೋಡುತ್ತಿದ್ದೆ.
ಹತ್ತಕ್ಕೆ ಎರಡು.
ಗುರುವಾರ. ತೆಂಗಿನ ಮರ.
ಕಾರಣ: ಪಾವ್ ಮಾರುವ ಪೊದೇರ್ ಹಾರ್ನ್ ಹೊಡೆದ.
ಹತ್ತಕ್ಕೆ ಒಂದೂವರೆ.
ಶುಕ್ರವಾರ. ಮತ್ತೆ ಸಮುದ್ರ.
ಕಾರಣ: ಗುರುಬಾಯಿ ಕಿರುಚಿದಳು.
ಇದಕ್ಕೆ ಅಂಕವಿಲ್ಲ. ತಪ್ಪು ನನ್ನದಂತೆ.

ಚಿಕಲಿಂ ಶಾಲೆಯಲ್ಲಿ, ದಾಬೋಳಿಯಿಂದ ಜೆಟ್ ಎದ್ದಾಗೆಲ್ಲ
ನೀವು ಮಾತಿನ ನಡುವೆಯೇ ನಿಲ್ಲುತ್ತಿದ್ದಿರಿ,
ಬಳಪ ಹಲಗೆಯಿಂದ ಬೆರಳಷ್ಟು ದೂರ.
ಕಿಟಕಿ ನಡುಗಿ, ಧೂಳು ಕೂತು, ಸದ್ದು ಕಡಲಿಗೆ ಹೋದ ಮೇಲೆ
ತುಂಡಾದಲ್ಲಿಂದಲೇ ಶುರು.
'ತ್ರಿ' ಎಂದು ನಿಂತಿದ್ದರೆ 'ಕೋನ' ಎಂದೇ.
ಮೂವತ್ತೊಂದು ವರ್ಷ.
ನಾವು ಹಿಂದಿನ ಬೆಂಚಿನವರು
ಆ ಎರಡರ ನಡುವೆ ಹುಣಸೆಹಣ್ಣು ತಿಂದು ಮುಗಿಸುತ್ತಿದ್ದೆವು.

ನಿನ್ನೆ ಸಂಜೆ ನೀವು ಮೊದಲ ಸಲ ಆನ್‌ಲೈನ್ ಬಂದಿರಿ.
ಹತ್ತು ನಿಮಿಷ ಯಾರೂ ಇಲ್ಲ, ಬರೀ ಮೋಡ.
ಆಮೇಲೆ ಒಬ್ಬ ಬೆನ್ನಿಗೆ ಬಿದ್ದ,
ಸೂರ್ಯನ ಕಡೆಯಿಂದ, ಭಾರೀ ಅವಸರದಲ್ಲಿ.
ಹಿಂದೆ! ಹಿಂದೆ ನೋಡಿ! ಎಂದು ಕುರ್ಚಿಯ ಹಿಂದೆ ಕುಣಿದೆ ನಾನು.
ನೀವು: ಗಾಬರಿ ಬೇಡ ಬಾಯ್, ಮೊದಲು ವೇ

ಅಷ್ಟರಲ್ಲಿ ನಿಜವಾದದ್ದು ಎದ್ದಿತು, ಹೆಂಚಿನ ಮೇಲೆಯೇ.
ಕಪಾಟಿನ ಕಪ್ಪುಗಳು ಕಟಕಟ,
ಗೋಡೆಯ ಮೇಲೆ ಮಾತೆ ಮೇರಿ ಓರೆ,
ನೀವು ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಿರಿ.
ಪರದೆಯ ಮೇಲೆ ಯಾರೂ ಹಿಡಿಯದ ಹಳದಿ ವಿಮಾನ
ನೆಟ್ಟಗೆ, ನಿಧಾನ, ಎಮ್ಮೆ ರಸ್ತೆ ದಾಟಿದಂತೆ.
ಅವನ ಗುಂಡುಗಳೆಲ್ಲ ಮೇಲೆ ಹೋದವು,
ವೇಗ ತಡೆಯಲಾರದೆ ಅವನೂ ಹೋದ,
ಗಾಜಿನ ತುಂಬ ಅವನ ಬಾಲ ಒಂದು ಗಳಿಗೆ.

ಗ ನೋಡಿಕೊಳ್ಳಬೇಕು, ಅಂದಿರಿ ಸದ್ದು ಮುಗಿದ ಮೇಲೆ,
ಮತ್ತೆ ಎರಡು ಬೆರಳು, ಒಂದು ಹೆಬ್ಬೆರಳು.

ಹೆಬ್ಬೆರಳ ಕೆಳಗೇ ಇದೆ ಟೀಚರ್, ಕೆಂಪು ಗುಂಡಿ,
ಎಂದು ನಾನು ಹೇಳುವಷ್ಟರಲ್ಲಿ
ಅವನು ಸಾಸಿವೆಯಷ್ಟಾಗಿದ್ದ.

ದೀಪ ಹಾಕಿ ಪುಸ್ತಕ ತೆಗೆದಿರಿ.
ಶನಿವಾರ. ಸತ್ತಿಲ್ಲ.
ಕಾರಣದ ಮುಂದೆ ತುಸು ಹೊತ್ತು ಯೋಚಿಸಿ,
ಅಂಕದ ಜಾಗ ಖಾಲಿ ಬಿಟ್ಟು,
ಕೆಂಪು ಪೆನ್ನನ್ನು
ನನ್ನ ಕಡೆ ತಳ್ಳಿದಿರಿ.